ಬ್ಯಾಟರಿ ಇಳಿದ ಮೀಟರ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿನಲ್ಲಿ ರಾಶಿ ಬಿದ್ದಿರೋ ಡಿಟಿ-830ಡಿ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯೋ ಮೀಟರ್) ಅಗ್ಗದ್ದು ಅಂತ ಮೂಗು ಮುರಿಯಬೇಡಿ. 5 ವೋಲ್ಟ್ ಸರ್ಕ್ಯೂಟು, ರೆಸಿಸ್ಟರು, ಡಯೋಡು ನೋಡೋಕೆ ಧಾರಾಳ ಸಾಕು. ಆದರೆ ಒಳಗಿನ 9 ವೋಲ್ಟ್ ಬ್ಯಾಟರಿ ತೀರಾ ಇಳಿದಾಗ ಮೀಟರ್ ಹೋಲಿಸಿ ಅಳೆಯೋಕೆ ಬಳಸೋ ಒಳಗಿನ ರೆಫರೆನ್ಸ್ ವೋಲ್ಟೇಜೂ ಕುಸಿಯುತ್ತೆ. ಆಗ ರೀಡಿಂಗ್ ಕಮ್ಮಿ ಅಲ್ಲ, ಜಾಸ್ತಿ ತೋರಿಸುತ್ತೆ. 5 ವೋಲ್ಟ್ ಸಪ್ಲೈಗೆ ಮೀಟರ್ 6 ತೋರಿಸಿದರೆ, ವೋಲ್ಟೇಜ್ ಸ್ಥಿರವಾಗಿಡೋ ರೆಗ್ಯುಲೇಟರ್ ಕೀಳೋ ಮುಂಚೆ ಮೀಟರಿನ ಬ್ಯಾಟರಿ ಬದಲಿಸಿ ನೋಡಿ. ತನ್ನ ಶಕ್ತಿ ಕುಂದಿದಾಗ ಎದುರಿನದೆಲ್ಲ ದೊಡ್ಡದಾಗಿ ಕಾಣೋದು ಮೀಟರಿಗೆ ಮಾತ್ರ ಅಲ್ಲವೇನೋ!

ಕರೆಂಟ್ ಅಳೆದ ಮೇಲೆ ಕೆಂಪು ವೈರನ್ನು 10 ಆಂಪ್ ತೂತಿನಲ್ಲೇ ಮರೆತು ವೋಲ್ಟೇಜ್ ನೋಡಿದರೆ ನೇರ ಶಾರ್ಟ್. ಈ ಮೀಟರುಗಳಲ್ಲಿ ಆ ತೂತಿಗೆ ಸಾಮಾನ್ಯವಾಗಿ ಫ್ಯೂಸೇ ಇರಲ್ಲ. 230 ವೋಲ್ಟ್ ಮೇನ್ಸ್‌ಗೆ ಇದನ್ನು ಹಚ್ಚಲೇಬೇಡಿ. ಅದಕ್ಕೆ ಕ್ಯಾಟ್ 3 ಅನ್ನೋ ಸುರಕ್ಷತಾ ದರ್ಜೆಯ ಗುರುತಿನ, ಎಲ್ಲ ಕರೆಂಟ್ ತೂತಿಗೂ ಫ್ಯೂಸ್ ಇರೋ ಮೀಟರೇ ಬೇಕು.

ಇನ್ನೊಂದು ಎಚ್ಚರಿಕೆ: ರಿಪೇರಿಯಾದ ಎಸ್‌ಎಂಪಿಎಸ್ (ಮೇನ್ಸನ್ನು ಡಿಸಿಗೆ ಬದಲಿಸೋ ಪವರ್ ಸಪ್ಲೈ) ಮೊದಲ ಸಲ ಆನ್ ಮಾಡುವಾಗ, ಒಳಗೆ ಶಾರ್ಟ್ ಇದ್ದರೂ ಕರೆಂಟ್ ಮಿತಿಯಲ್ಲಿರೋ ಹಾಗೆ, 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸ್ ವೈರಿಗೆ ಸೀರೀಸ್‌ನಲ್ಲಿ ಹಾಕಿ. ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರೀತಾನೇ ಇದ್ದರೆ ಒಳಗೆ ಶಾರ್ಟ್ ಇನ್ನೂ ಇದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರಲ್ಲ.