ಬಣ್ಣ, ಬುಕ್ಕಿಂಗ್, ಬರವಣಿಗೆ

ಹೊಸ ತುಳು ನಾಟಕದ ಕೊನೆಯ ದೃಶ್ಯ ನಿನ್ನೆ ಬರೆದು ಮುಗಿಸಿದೆ. ರಂಗಭೂಮಿಯಲ್ಲಿ ನಾನು ಮೊದಲು ಬಣ್ಣ ಹಚ್ಚಿದೆ, ಆಮೇಲೆ ತಂಡಕ್ಕೆ ಶೋ ಹಿಡಿದು ಕೊಟ್ಟೆ, ಈಗ ಬರೆಯುತ್ತೇನೆ. ಜಾಸ್ತಿ ಕಲಿಸಿದ್ದು ಮಾತ್ರ ನಡುವಿನ ಆ ಬುಕ್ಕಿಂಗ್ ಕೆಲಸ.

ದೀಪಾವಳಿ ಕಳೆದರೆ ಸೀಸನ್ ಜೋರು. ಭಜನಾ ಮಂದಿರದ ವಾರ್ಷಿಕೋತ್ಸವ, ದೇವಸ್ಥಾನದ ಬ್ರಹ್ಮಕಲಶ, ಸ್ಕೂಲ್ ಡೇ. ಕಮಿಟಿಯವರ ಎದುರು ಕೂತರೆ ಮೊದಲ ಪ್ರಶ್ನೆ, "ನಗಲಿಕ್ಕೆ ಉಂಟಲ್ವಾ ಮಾರಾಯ್ರೇ?" ಎರಡನೆಯದು ರೇಟು. ನಾನು ಕೇಳುತ್ತಿದ್ದದ್ದು ಸ್ಟೇಜಿನ ಅಗಲ, ಜನರೇಟರ್, ಕಲಾವಿದರ ಊಟ. ಒಮ್ಮೆ ಎಲ್ಲ ಮಾತು ಮುಗಿದ ಮೇಲೆ ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವ ಹಾಗೆ ಇರಲಿ" ಅಂದರು. ಬರೆಯಲು ಕೂತಾಗೆಲ್ಲ ಆ ಮಾತು ನೆನಪಾಗುತ್ತದೆ. ರಾತ್ರಿ 10ರ ನಂತರ ಮೈಕ್ ಹಾಕುವ ಹಾಗಿಲ್ಲ ಅಲ್ವಾ, ಅದೂ ತಲೆಯಲ್ಲಿರುತ್ತದೆ. ಸುಮ್ನೆ ಎಳೆಯುವ ದೃಶ್ಯವನ್ನು ಹೊಡೆದು ಹಾಕುತ್ತೇನೆ.

ವೇದಿಕೆ ಮೇಲಿದ್ದಾಗ ಇದೊಂದೂ ನನಗೆ ಕಾಣಿಸುತ್ತಿರಲಿಲ್ಲ. ಬೆಳಕು, ಚಪ್ಪಾಳೆ, ಮುಂದಿನ ಡೈಲಾಗ್, ಅಷ್ಟೇ.

ಹೀಗೆ ಒಬ್ಬರೇ ಹಲವು ಕೆಲಸ ಮಾಡುವುದು ನಮ್ಮ ಕರಾವಳಿಗೆ ಹೊಸತಲ್ಲ. ಕೆ.ಎನ್. ಟೇಲರ್ ಅವರು ನಟರು, ನಾಟಕಕಾರರು, ತಂಡ ಕಟ್ಟಿ ನಡೆಸಿದವರು, ಮೇಲಿಂದ ತುಳು ಸಿನಿಮಾ ಕೂಡ ಮಾಡಿದರು. ಅಂಥವರು ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟದ್ದರಿಂದಲೇ ತುಳು ರಂಗಭೂಮಿ ಇಷ್ಟು ಗಟ್ಟಿಯಾಗಿ ನಿಂತಿದೆ ಎಂದು ನಾನು ನಂಬಿದ್ದೇನೆ.

ಬರುವ ಭಾನುವಾರ ಮಂಗಳೂರಿನಲ್ಲಿ ಹೊಸ ನಾಟಕದ ಓದು ಇಟ್ಟುಕೊಂಡಿದ್ದೇವೆ. ಅತ್ತೆಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಉಡುಪಿ ಕಡೆಯ ಕಲಾವಿದೆಯರು ಇದ್ದರೆ ತಿಳಿಸಿ.