ಅದಿರಲಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ?

ನಾನು ಚಿತ್ರ ಬರೆಯುವವಳು ಎಂದ ಮೇಲೆ ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರೇ. ನನ್ನ ಮೇಲೆ ನಿಜವಾದ ಕಾಳಜಿ ಇರುವವರೂ ಇದ್ದಾರೆ. ಆದರೆ ಬಸ್ಸಿನಲ್ಲಿ, ಮದುವೆಯಲ್ಲಿ, ದೇವಸ್ಥಾನದ ಬಲಿವಾಡಿನ ಊಟದಲ್ಲಿ, ಪುಸ್ತಕ ಬಿಡುಗಡೆಯ ಚಹಾದ ಹೊತ್ತಿನಲ್ಲಿ ಉತ್ತರ ಕೊಟ್ಟುಕೊಟ್ಟು ನನ್ನ ಬಾಯಿ ಸೋತಿದೆ. ಒಮ್ಮೆ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪ್ರಶ್ನೆಯನ್ನು ಸಹಿಸಿಕೊಳ್ಳಬಲ್ಲೆ. ಅದರ ಮೊದಲ ಪದವನ್ನು ಸಹಿಸಿಕೊಳ್ಳಲಾರೆ. ಅದಿರಲಿ. ಈ ನಾಲ್ಕಕ್ಷರ ಹೇಳಿದವರು ಅದಕ್ಕಿಂತ ಮೊದಲು ನಾನು ಹೇಳಿದ್ದನ್ನೆಲ್ಲ ಎಲೆಯ ತುದಿಗೆ ಸರಿಸಿ ಇಟ್ಟಿರುತ್ತಾರೆ, ಪಲ್ಯದೊಳಗೆ ಸಿಕ್ಕಿದ ಕರಿಬೇವಿನ ಎಲೆಯ ಹಾಗೆ.

ಮೂರು ವರ್ಷದ ಹಿಂದೆ ಬದಿಯಡ್ಕದ ಹತ್ತಿರ ಒಂದು ಮದುವೆ. ಎರಡನೆಯ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಸಂಬಂಧದಲ್ಲಿ ಮಾವನಾಗಬೇಕಾದ ಹಿರಿಯರೊಬ್ಬರು ಕುಳಿತಿದ್ದರು. "ಏನು ಮಾಡಿಕೊಂಡಿದ್ದೀ ಈಗ?" ಎಂದು ಕೇಳಿದರು. ಆಗ ನಾನು ಸುರಂಗಗಳ ಚಿತ್ರ ಬಿಡಿಸುತ್ತಿದ್ದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಬಾವಿಯನ್ನು ಕೆಳಗೆ ತೋಡುವ ಬದಲು ಅಡ್ಡಕ್ಕೆ ಕೊರೆಯುವ ಪದ್ಧತಿ ಇದೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಒಳಗೆ ಒಬ್ಬ ಮನುಷ್ಯ ಪಿಕಾಸಿ ಹಿಡಿದು ಬಾಗಿ ನಿಲ್ಲುವಷ್ಟೇ ಅಗಲ. ದೀಪದ ಬೆಳಕಿನಲ್ಲಿ ಅಗೆಯುತ್ತ ಹೋದರೆ ಎಲ್ಲೋ ಒಂದು ಕಡೆ ಕಲ್ಲು ಬೆವರತೊಡಗುತ್ತದೆ, ಆಮೇಲೆ ಹನಿಯುತ್ತದೆ, ಆಮೇಲೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಅಂಗಳಕ್ಕೆ ಬರುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳನ್ನು ಎರಡು ವರ್ಷ ಸುತ್ತಿದ್ದೆ. ಕತ್ತಲನ್ನು ಕಪ್ಪು ಬಣ್ಣ ಬಳಸದೆ ತರುವುದು ಹೇಗೆ ಎಂಬುದೇ ನನ್ನ ಕಷ್ಟವಾಗಿತ್ತು. ಒದ್ದೆ ಮುರಕಲ್ಲಿನ ಕೆಂಪಿಗೆ ಗಾಢ ನೀಲಿ ಬೆರೆಸಿ ಬೆರೆಸಿ ಕೊನೆಗೆ ಒಂದು ದಿನ ಅದು ಸಿಕ್ಕಿತ್ತು. ಸಿಕ್ಕಿದ ಸಂತೋಷದಲ್ಲಿ ಊಟ ಮರೆತು ಮಾವನಿಗೆ ಅದನ್ನೆಲ್ಲ ಹೇಳಿದೆ.

ಅವರು ತಲೆಯಾಡಿಸುತ್ತ ಕೇಳಿದರು. ಹೋಳಿಗೆ ಬಂತು. ಕಾಯಿಹಾಲು ಹಾಕಿಸಿಕೊಂಡರು. ಮೊದಲ ತುತ್ತು ನುಂಗಿ, "ಅದಿರಲಿ, ಹೊಟ್ಟೆಪಾಡಿಗೆ ಏನು ಮಾಡುತ್ತೀ?" ಎಂದರು.

ಮಾವನ ಮನೆಯ ಬಚ್ಚಲಿಗೆ, ತೋಟಕ್ಕೆ, ದೇವರ ಅಭಿಷೇಕಕ್ಕೆ ಬರುವ ನೀರು ಸುರಂಗದ್ದು. ಅವರ ಅಜ್ಜ ಕೊರೆಸಿದ್ದು. ಅದರ ಬಾಯಿಯಲ್ಲಿ ಕುಳಿತು ನಾನು ಆರು ಚಿತ್ರ ಬರೆದಿದ್ದೆ. "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಮಾವ" ಎಂದು ಹೇಳಿ ನಾನು ಎಲೆ ಮಡಚಿದೆ.

ಸರಿ, ಉತ್ತರ. ನನಗೆ ಒಂದೂವರೆ ಎಕರೆ ಅಡಿಕೆ ತೋಟ ಇದೆ, ಮರಗಳಿಗೆ ಹಬ್ಬಿಸಿದ ಕರಿಮೆಣಸು ಇದೆ, ಅಂಚಿನಲ್ಲಿ ಕೆಲವು ತೆಂಗು ಇವೆ. ಕಳೆದ ವರ್ಷ ನಾಲ್ಕು ಪುಸ್ತಕಗಳಿಗೆ ಮುಖಪುಟ ಮಾಡಿದೆ. ಮಕ್ಕಳ ಕಥೆಗಳ ಒಂದು ಸಂಕಲನಕ್ಕೆ 22 ಚಿತ್ರ ಬರೆದೆ. ಎರಡು ಶಾಲೆಗಳ ಗೋಡೆಗೆ ಬಣ್ಣ ಹಚ್ಚಿದೆ. ಮಲಯಾಳದಿಂದ ಕನ್ನಡಕ್ಕೆ ಒಂದು ಅನುವಾದ ಮಾಡಿದೆ. ಏಳು ಚಿತ್ರಗಳು ಮಾರಾಟವಾದವು. ಒಂದು ಮುಖಪುಟದ ಹಣ ಇನ್ನೂ ಬಂದಿಲ್ಲ, ಅದರ ಬದಲಿಗೆ ಐದು ಗೌರವ ಪ್ರತಿ ಬಂದಿವೆ. ಗೌರವ ಪ್ರತಿಯನ್ನು ಅಂಗಡಿಯವರು ಅಕ್ಕಿಗೆ ಬದಲು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಆ ಪ್ರಕಾಶಕರಿಗೆ ಎರಡು ಸಲ ಬರೆದಿದ್ದೇನೆ, ಮೂರನೆಯ ಸಲವೂ ಬರೆಯುತ್ತೇನೆ. ಇಷ್ಟರಲ್ಲಿ ಜೀವನ ನಡೆಯುತ್ತದೆ. ಉಳಿಯುವುದಿಲ್ಲ, ನಡೆಯುತ್ತದೆ. ಪ್ರಶ್ನೆಯ ಉತ್ತರ ಇಲ್ಲಿಗೆ ಮುಗಿಯಿತು.

ಆದರೆ ಈ ಉತ್ತರ ಕೇಳಿದವರು ಕೂಡಲೇ ಹಿಡಿದುಕೊಳ್ಳುವುದು ಮೊದಲ ವಾಕ್ಯವನ್ನು ಮಾತ್ರ. "ಓ, ತೋಟ ಇದೆಯಲ್ಲ, ಮತ್ತೇನು!" ಅವರ ಲೆಕ್ಕದಲ್ಲಿ ತೋಟ ದುಡಿಯುತ್ತದೆ, ನಾನು ಬಣ್ಣದ ಜೊತೆ ಆಡುತ್ತೇನೆ. ತೋಟ ಇರುವವರೇ ಹೀಗೆ ಹೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ಕೂಲಿ, ಗೊಬ್ಬರ, ಮದ್ದು ಕಳೆದು ಒಂದೂವರೆ ಎಕರೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲವೇ? ಕೊಯ್ದ ಅಡಿಕೆ ಚಾಲಿ, ಅಂದರೆ ಸುಲಿದು ಮಾರುವ ಒಣ ಅಡಿಕೆ, ಆಗಲು ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಬೇಕು. ಅಕಾಲದಲ್ಲಿ ಒಂದು ಮಳೆ ಬಂದರೆ ಅರ್ಧರಾತ್ರಿಯಲ್ಲಿ ಎದ್ದು ಟಾರ್ಪಾಲು ಎಳೆಯಬೇಕು. ನನ್ನ ಎಷ್ಟೋ ಪುಟಗಳು ಆ ಟಾರ್ಪಾಲಿನ ಕೆಳಗೆ ಹೋಗಿವೆ.

ಇನ್ನು ಕೆಲವರು ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳುತ್ತಾರೆ. "ಅವರು ತೋಟವನ್ನೂ ಮಾಡಿದರು, ಕವಿತೆಯನ್ನೂ ಬರೆದರು, ನೂರು ವರ್ಷ ಬಾಳಿದರು, ನೋಡು." ನೋಡಿದ್ದೇನೆ. ಅವರ ಬಗ್ಗೆ ನನಗಿರುವ ಭಕ್ತಿ ದೊಡ್ಡದು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಳ್ಳುವವರೆಗೆ ಈ ಮಣ್ಣು, ಈ ಭಾಷೆ ಎರಡನ್ನೂ ಬಿಡದವರು ಅವರು. ಆದರೆ ಉದಾಹರಣೆ ಕೊಡುವವರು ಒಂದನ್ನು ಮರೆಯುತ್ತಾರೆ: ಅವರು ಪೆರಡಾಲದಲ್ಲಿ ಹೈಸ್ಕೂಲು ಮೇಷ್ಟರೂ ಆಗಿದ್ದರು. ತಿಂಗಳ ಸಂಬಳ ಇತ್ತು. ಇದರಿಂದ ಅವರ ಕವಿತೆ ಕಿರಿದಾಗುವುದಿಲ್ಲ. ಸಂಬಳವಿಲ್ಲದ ನನ್ನನ್ನು ಅದೇ ತಕ್ಕಡಿಗೆ ಹಾಕಿ ತೂಗಬೇಡಿ ಎಂದಷ್ಟೇ ನನ್ನ ಮಾತು.

"ಬೆಂಗಳೂರಿಗೆ ಹೋಗಬಹುದಿತ್ತಲ್ಲ" ಎನ್ನುವವರಿಗೆ ಒಂದೇ ಸಾಲು: ನಾನು ಬರೆಯುವ ವಸ್ತು ಅಲ್ಲಿಲ್ಲ.

ಅಲ್ಲಿ ಒಮ್ಮೆ ನನ್ನ ಚಿತ್ರಗಳ ಪ್ರದರ್ಶನ ಇತ್ತು. ಒಬ್ಬ ಯುವಕ ಅಡಿಕೆ ತೋಟದ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು, "ಮರಗಳನ್ನು ನೀಲಿ ಮಾಡಿದ ನಿಮ್ಮ ಕಲ್ಪನೆ ತುಂಬ ಚೆನ್ನಾಗಿದೆ" ಎಂದ. ಅವನ ಮೆಚ್ಚುಗೆ ಪ್ರಾಮಾಣಿಕವಾಗಿತ್ತು. ಆದರೆ ಅದು ಕಲ್ಪನೆಯಲ್ಲ, ಬೋರ್ಡೋ ದ್ರಾವಣ. ಕೊಳೆರೋಗ ತಡೆಯಲು ಮಳೆಗೆ ಮೊದಲು ಒಮ್ಮೆ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಗೊನೆಗಳಿಗೆ ಬಿಡುವ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹಾಗೆ ಸುರಿಯುವ ಗಳಿಗೆಯಲ್ಲಿ ಪೀಪಾಯಿಯೊಳಗೆ ಹುಟ್ಟುವ ನೀಲಿಯನ್ನು ನಾನು ಯಾವ ಟ್ಯೂಬಿನಲ್ಲಿಯೂ ಕಂಡಿಲ್ಲ. ಒಂದು ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಬಣ್ಣ ನೋಡಿ ಹದ ತಿಳಿಯುವ ಈ ವಿದ್ಯೆಯನ್ನು ನಾನು ಕಲಿತದ್ದು ತೋಟದಲ್ಲಿ. ಮದ್ದು ಬಿಟ್ಟ ಮೇಲೆ ಮರದ ಕಾಂಡದ ಮೇಲೆ, ಕೆಳಗಿನ ಬಾಳೆಯ ಮೇಲೆ, ಕೆಲಸದವರ ಮುಟ್ಟಾಳೆಯ, ಅಂದರೆ ಹಾಳೆ ಟೊಪ್ಪಿಯ ಮೇಲೆ, ನಾಯಿಯ ಬೆನ್ನಿನ ಮೇಲೆ ಕೂಡ ತಿಳಿನೀಲಿ ಚುಕ್ಕೆಗಳು. ನಾನು ಕಂಡದ್ದನ್ನೇ ಬರೆದಿದ್ದೇನೆ.

ನನ್ನ ಕೆಲಸದ ವರ್ಷವೂ ತೋಟದ ವರ್ಷವೂ ಬೇರೆಯಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ದಿನಗಳಲ್ಲಿ ಕಾಗದ ಗಾಳಿಯಿಂದಲೇ ನೀರು ಕುಡಿಯುತ್ತದೆ. ಜಲವರ್ಣ ಒಣಗುವುದಿಲ್ಲ, ಒಣಗಿದರೂ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಗಾಲ ಬರೆಹಕ್ಕೆ, ಅನುವಾದಕ್ಕೆ, ಶಾಯಿಯ ಗೆರೆಗಳಿಗೆ. ಮುಗಿದ ಚಿತ್ರಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಸುತ್ತಿ ಇಡುತ್ತೇನೆ, ಅಜ್ಜಿ ಬಿತ್ತನೆ ಬೀಜ ಇಡುತ್ತಿದ್ದ ಜಾಗ ಅದು. ಬಣ್ಣದ ಕೆಲಸ ನವೆಂಬರಿನ ಮೇಲೆ. ಕೊಯ್ಲೂ ಆಗಲೇ ಬರುತ್ತದೆ. ಹಾಗಾಗಿ ನನಗೆ ಒಳ್ಳೆಯ ಬೆಳಕು ಸಿಗುವ ತಿಂಗಳುಗಳಲ್ಲಿ ಬಿಡುವು ಸಿಗುವುದಿಲ್ಲ. ನನ್ನ ನಿಜವಾದ ಸಂಕಟ ಇದು. ಇದನ್ನು ಯಾರೂ ಕೇಳುವುದಿಲ್ಲ.

ಕನ್ನಡದ ವಿಷಯವನ್ನೂ ಕೇಳುವುದಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಹೇಳಿದ್ದು ಹೇಳಿದಲ್ಲೇ ಉಳಿಯಿತು. ನನ್ನಂಥವರಿಗೆ ಇದರ ಅರ್ಥ ಹೀಗೆ: ಒಂದು ಕಡೆಯ ಅರ್ಜಿಯಲ್ಲಿ ನನ್ನ ಭಾಷೆಗೆ ಜಾಗವಿಲ್ಲ, ಇನ್ನೊಂದು ಕಡೆಯ ಅರ್ಜಿಯಲ್ಲಿ ನನ್ನ ವಿಳಾಸಕ್ಕೆ ಜಾಗವಿಲ್ಲ. ಅದನ್ನಾದರೂ ತಾಳಿಕೊಳ್ಳಬಹುದು. ನೆರೆಮನೆಯ ಮಗು ನಾನು ಚಿತ್ರ ಬರೆದ ಕನ್ನಡ ಪುಸ್ತಕವನ್ನು ತೆರೆದು, ಚಿತ್ರಗಳನ್ನು ಮಾತ್ರ ನೋಡಿ, "ಓದಿ ಹೇಳಿ ದೊಡ್ಡಮ್ಮ" ಎಂದು ನನ್ನ ಕೈಗೆ ಕೊಟ್ಟ ದಿನವನ್ನು ತಾಳಿಕೊಳ್ಳಲು ಆಗಿಲ್ಲ. ಆ ಮಗುವಿನ ಅಜ್ಜ ಯಕ್ಷಗಾನದ ಪ್ರಸಂಗಗಳನ್ನು ಬಾಯಿಪಾಠ ಹೇಳುತ್ತಿದ್ದವರು.

ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟದ್ದಾಯಿತು. ಈಗ ನನಗೆ ಬೇಕಾದ ಪ್ರಶ್ನೆಯ ಬಗ್ಗೆ ಹೇಳುತ್ತೇನೆ. ಅದನ್ನು ಈವರೆಗೆ ಒಬ್ಬರೇ ಕೇಳಿದ್ದಾರೆ.

ಕಳೆದ ವರ್ಷ ಜೂನ್ ಮೊದಲ ವಾರ. ಮದ್ದು ಬಿಡಲು ಬಂದಿದ್ದವರು ಅರ್ಧದಲ್ಲಿ ಮಳೆ ಹಿಡಿದುದರಿಂದ ಜಗಲಿಗೆ ಬಂದು ಕುಳಿತರು. ನಾಲ್ಕೈದು ಊರಿಗೆ ಈಗ ಉಳಿದಿರುವ ಒಬ್ಬರೇ ಮರ ಹತ್ತುವವರು ಅವರು. ಉಳಿದವರೆಲ್ಲ ನೆಲದಲ್ಲಿ ನಿಂತು ಉದ್ದ ಗಳುವಿನಂಥ ಫೈಬರ್ ದೋಟಿಯಲ್ಲಿ ಕೆಲಸ ಮಾಡುತ್ತಾರೆ. ಇವರು ಇನ್ನೂ ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಏರಿ, ಮೇಲಿನಿಂದಲೇ ಮರದಿಂದ ಮರಕ್ಕೆ ದಾಟುತ್ತಾರೆ. ಗೋಡೆಗೆ ಒರಗಿಸಿದ್ದ ಒಂದು ದೊಡ್ಡ ಚಿತ್ರವನ್ನು ಚಹಾ ಮುಗಿಯುವವರೆಗೆ ನೋಡಿದರು. ಆಮೇಲೆ ತುಳುವಿನಲ್ಲಿ ಕೇಳಿದರು, "ಅಕ್ಕ, ಇದು ಯಾವ ಹೊತ್ತು?"

ನನಗೆ ಎದೆ ಝಲ್ಲೆಂದಿತು. ಡಿಸೆಂಬರ್, ಸಂಜೆ ನಾಲ್ಕು ಗಂಟೆ ಎಂದೆ.

"ನಾಲ್ಕು ಗಂಟೆಯಾದರೆ ಈ ಪಡುಬದಿಯ ಸಾಲು ಇಷ್ಟು ತಂಪಾಗಿ ಇರುವುದಿಲ್ಲ. ಆ ಹೊತ್ತಿಗೆ ಇದನ್ನು ಅಪ್ಪಿ ಏರಿದರೆ ಎದೆ ಸುಡುತ್ತದೆ" ಎಂದರು.

ಎದ್ದು ಹತ್ತಿರ ಹೋಗಿ ಬೆರಳಿನಿಂದ ತೋರಿಸಿದರು. ತೆಂಕು ಪಡುವಣದ ಬಿಸಿಲು ವರ್ಷ ವರ್ಷ ಒಂದೇ ಕಡೆಗೆ ಬಡಿದು ಅಂಚಿನ ಮರಗಳ ಆ ಬದಿ ಮೊದಲು ಹೊಂಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದಾಗುತ್ತದೆ, ಆಮೇಲೆ ಸೀಳುತ್ತದೆ. ಅದಕ್ಕೇ ಎಳೆಯ ಮರಗಳಿಗೆ ಸೋಗೆ, ಅಂದರೆ ಅಡಿಕೆಯ ಗರಿ, ಕಟ್ಟುವುದು. ಇದೆಲ್ಲ ನನಗೂ ಗೊತ್ತು, ಪ್ರತಿ ವರ್ಷ ಸೋಗೆ ಕಟ್ಟಿಸುವವಳು ನಾನೇ. ಆದರೆ ಚಿತ್ರದಲ್ಲಿ ಎಲ್ಲ ಕಾಂಡಗಳನ್ನೂ ಒಂದೇ ಬೂದು ಹಸಿರಿನಲ್ಲಿ ಬರೆದಿದ್ದೆ. ಅವರ ಎದೆಗೆ ತಿಳಿದಿದ್ದ ಬಿಸಿ ನನ್ನ ಕುಂಚಕ್ಕೆ ಬಂದಿರಲಿಲ್ಲ.

ಮಳೆ ಬಿಟ್ಟಿತು, ಅವರು ತಳೆ ತೆಗೆದುಕೊಂಡು ಹೋದರು. ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ಅವರ ಕೂಲಿಯನ್ನು ನಾನು ಕೊಡುತ್ತೇನಾದ್ದರಿಂದ ಆ ಲೆಕ್ಕ ಅವರಿಗೆ ಗೊತ್ತೇ ಇದೆ.

ಕಳೆದ ಡಿಸೆಂಬರಿನಲ್ಲಿ ಹದಿನೆಂಟು ದಿನ ಸಂಜೆ ನಾಲ್ಕಕ್ಕೆ ಆ ಪಡುಬದಿಯ ಸಾಲಿನ ಮುಂದೆ ನಿಂತೆ. ಅಡಿಕೆ ಸುಲಿಸುವುದನ್ನು ಬಿಟ್ಟು ನಿಂತೆ. ಪ್ರತಿ ಮರಕ್ಕೂ ಅಂಗೈ ಇಟ್ಟು ನೋಡಿ, ಆಮೇಲೆ ಬಣ್ಣ ಕಲಸಿದೆ. ಮೊದಲಿನ ಕಾಂಡಗಳನ್ನೆಲ್ಲ ಒರೆಸಿ ಮತ್ತೆ ಬರೆದಿದ್ದೇನೆ. ಈ ಸಲದ ಮದ್ದಿಗೆ ಅವರು ಬಂದಾಗ ತೋರಿಸಬೇಕು. ಎಡದಿಂದ ಮೂರನೆಯ ಮರದ ಬಗ್ಗೆ ನನಗೆ ಇನ್ನೂ ಅನುಮಾನವಿದೆ.