ಕೊಡುವವರು ಯಾರೂ ಇಲ್ಲವೇ?

ಕಳೆದ ತಿಂಗಳು ಒಂದು ಸಂಜೆ ನಮ್ಮ ಕಟ್ಟಡದ ಕಸದ ಕೋಣೆಯಲ್ಲಿ ನಿಂತು ರಟ್ಟಿನ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡುತ್ತಿದ್ದೆ. ಮಗುವಿನ ಮಂಚ ಬಂದಿದ್ದ ಪೆಟ್ಟಿಗೆ ಒಂದು, ಬಟ್ಟೆ ಬದಲಿಸುವ ಮೇಜಿನದು ಇನ್ನೊಂದು, ಹಾಲಿನ ಬಾಟಲಿ ಶುದ್ಧಗೊಳಿಸುವ ಯಂತ್ರದ್ದು ಮತ್ತೊಂದು. ಕೆಳಗಿನ ಮನೆಯ ಹಿರಿಯ ಮಹಿಳೆ ತಮ್ಮ ಹಳೆಯ ಪತ್ರಿಕೆಗಳನ್ನು ಹಾಕಲು ಬಂದರು. ಎರಡು ವರ್ಷಗಳಲ್ಲಿ ನನ್ನೊಡನೆ ಹಿಮ ಮತ್ತು ಮಳೆಯ ಹೊರತು ಬೇರೇನನ್ನೂ ಮಾತನಾಡದ ಅವರು ಪೆಟ್ಟಿಗೆಗಳ ಮೇಲಿನ ಚಿತ್ರಗಳನ್ನು ಒಂದೊಂದಾಗಿ ನೋಡಿ, ನನ್ನ ಮುಖವನ್ನೂ ನೋಡಿ, ನಿಧಾನವಾಗಿ ಕೇಳಿದರು: "ಎಲ್ಲವನ್ನೂ ಹೊಸದಾಗಿಯೇ ಕೊಂಡಿರಾ? ನಿಮಗೆ ಕೊಡುವವರು ಯಾರೂ ಇಲ್ಲವೇ?"

ಅವರ ದನಿಯಲ್ಲಿ ಇದ್ದದ್ದು ಬರೀ ಮರುಕ. ನನಗೆ ನೋವಾದದ್ದೂ ಅದಕ್ಕೇ. ಒಬ್ಬರೇ ವಾಸಿಸುವ, ಕ್ರಿಸ್‌ಮಸ್‌ಗೆ ಮಾತ್ರ ಮಗನ ಮುಖ ಕಾಣುವ ಆ ಹೆಂಗಸು, ತಂದೆಯ ಕಡೆ ಹನ್ನೊಂದು ಮತ್ತು ತಾಯಿಯ ಕಡೆ ಹದಿನಾಲ್ಕು ಅಣ್ಣತಮ್ಮ ಅಕ್ಕತಂಗಿಯರಿರುವ ನನ್ನನ್ನು ದಿಕ್ಕಿಲ್ಲದವನೆಂದು ತಿಳಿದರಲ್ಲ ಎಂದು ಆ ರಾತ್ರಿಯಿಡೀ ಕುದಿಯುತ್ತಿದ್ದೆ.

ನಾವು ಫಿನ್‌ಲೆಂಡಿನ ಎಸ್ಪೋ ನಗರದಲ್ಲಿದ್ದೇವೆ. ಜನವರಿಯಲ್ಲಿ ನಮ್ಮ ಮೊದಲ ಮಗು ಹುಟ್ಟಬೇಕು. ಹೆಂಡತಿ ರಜೆಗೆ ಹೋದ ಮೇಲೆ ಪೂರ್ತಿ ಸಂಬಳ ಬರುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿಯೇ ಒಂದು ಲೆಕ್ಕದ ಹಾಳೆ ತೆರೆದು, ಉಳಿಸಬೇಕಾದುದೆಷ್ಟು, ಖರ್ಚಾಗುವುದೆಷ್ಟು ಎಂದು ಬರೆಯತೊಡಗಿದ್ದೆ. ಆ ಹಾಳೆಯ ಪ್ರಕಾರ, ಮಗು ಇನ್ನೂ ಹುಟ್ಟದಿರುವಾಗಲೇ ನಾವು 1,100 ಯೂರೋ ಖರ್ಚು ಮಾಡಿದ್ದೆವು. ತಳ್ಳುಗಾಡಿ ಇನ್ನೂ ಬಾಕಿ ಇತ್ತು. ಅಂಗಡಿಯಲ್ಲಿ ನಾವು ನೋಡಿಟ್ಟಿದ್ದ ಗಾಡಿಯ ಬೆಲೆ 900 ಯೂರೋ.

ಹೊಟ್ಟೆಯಲ್ಲಿ ಸಿಟ್ಟಿದ್ದರೂ ಮರುವಾರ ಲಿಫ್ಟಿನಲ್ಲಿ ಸಿಕ್ಕಾಗ ಅವರೊಡನೆ ನಾನೇ ಮಾತು ತೆಗೆದೆ. ಬಸುರಿಯರಿಗೆ ಸರ್ಕಾರ ಕೊಡುವ, ಕೂಸಿನ ಬಟ್ಟೆಬರೆ ತುಂಬಿದ ತಾಯ್ತನದ ಪೆಟ್ಟಿಗೆಯ ಬದಲು 170 ಯೂರೋ ನಗದು ಪಡೆಯುವ ಯೋಚನೆಯಲ್ಲಿದ್ದೇವೆ ಎಂದಾಗ ಅವರು ಲಿಫ್ಟಿನ ಬಾಗಿಲನ್ನೇ ಕೈಯಿಂದ ತಡೆದು ನಿಂತರು. ಮೊದಲ ಮಗುವಿಗೆ ಪೆಟ್ಟಿಗೆಯನ್ನೇ ತೆಗೆದುಕೊಳ್ಳಬೇಕು, ನಗದು ಏನಿದ್ದರೂ ಎರಡನೆಯದಕ್ಕೆ, ಏಕೆಂದರೆ ಆಗ ಮನೆಯಲ್ಲಿ ಎಲ್ಲವೂ ಇರುತ್ತದೆ ಎಂಬುದು ಅವರ ವಾದ. ಅವರ ಮಗ ಮೊದಲ ಮೂರು ತಿಂಗಳು ಮಲಗಿದ್ದು ಅದೇ ರಟ್ಟಿನ ಪೆಟ್ಟಿಗೆಯಲ್ಲಿ. ಅದರ ತಳಕ್ಕೆ ಸರಿಯಾಗಿ ಕೂರುವ ಹಾಸಿಗೆಯೂ ಅದರೊಳಗೇ ಬರುತ್ತದೆ. ನನಗೆ ಕಸದ ಕೋಣೆಯಲ್ಲಿ ತುಳಿದ ಮಂಚದ ಪೆಟ್ಟಿಗೆ ನೆನಪಾಯಿತು.

ಈ ಪೆಟ್ಟಿಗೆಯ ಕತೆ ಹಳೆಯದು. 1930ರ ದಶಕದಲ್ಲಿ ಫಿನ್‌ಲೆಂಡ್ ಬಡದೇಶವಾಗಿತ್ತು. ಹುಟ್ಟಿದ ಸಾವಿರ ಶಿಶುಗಳಲ್ಲಿ 65ರಷ್ಟು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. 1938ರಲ್ಲಿ ಬಡ ತಾಯಂದಿರಿಗೆಂದು ಆರಂಭವಾದ ಈ ನೆರವು 1949ರಿಂದ ಎಲ್ಲ ತಾಯಂದಿರಿಗೂ ಸಿಗತೊಡಗಿತು. ಮುಖ್ಯ ಶರತ್ತು ಇದು: ಗರ್ಭಿಣಿಯು ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಹೋಗಿರಬೇಕು. ಅಂಗಿ ಕುಲಾಯಿಗಳ ಆಸೆ ತೋರಿಸಿ ಬಸುರಿಯರನ್ನು ವೈದ್ಯರ ಬಳಿ ಕರೆತಂದ ಜಾಣತನ ಇದು. ಆರಂಭದ ವರ್ಷಗಳಲ್ಲಿ ಒಳಗೆ ಸಿದ್ಧ ಉಡುಪುಗಳ ಬದಲು ಬಟ್ಟೆಯ ತುಂಡುಗಳಿರುತ್ತಿದ್ದವು, ತಾಯಂದಿರೇ ಹೊಲಿದುಕೊಳ್ಳುತ್ತಿದ್ದರು. ಈಗ ಹಿಮದ ಉಡುಪು, ಮಲಗುವ ಚೀಲ, ಒಳಅಂಗಿಗಳು, ಉಗುರು ಕತ್ತರಿ, ಥರ್ಮಾಮೀಟರು, ಮಗುವಿನ ಮೊದಲ ಪುಸ್ತಕದವರೆಗೆ ಎಲ್ಲವೂ ಇವೆ. ಬಡವರಿಗೂ ಸಿರಿವಂತರಿಗೂ ಒಂದೇ ಪೆಟ್ಟಿಗೆಯಾದ್ದರಿಂದ, ಉದ್ಯಾನದಲ್ಲಿ ಒಂದೇ ನಮೂನೆಯ ಅಂಗಿ ತೊಟ್ಟ ಎರಡು ಕೂಸುಗಳನ್ನು ಕಂಡರೆ ಅವು ಒಂದೇ ವರ್ಷ ಹುಟ್ಟಿದವೆಂದು ಇಲ್ಲಿಯವರು ಹೇಳುತ್ತಾರೆಯೇ ಹೊರತು ಯಾರ ಮನೆಯವು ಎಂದು ಅಳೆಯುವುದಿಲ್ಲ.

ನಮ್ಮಲ್ಲಿಯೂ 2007ರಲ್ಲಿ ಮಡಿಲು ಯೋಜನೆ ಬಂದಿತ್ತು. ಸೊಳ್ಳೆಪರದೆ, ಹೊದಿಕೆ, ಸಾಬೂನು, ಕೂಸಿನ ಬಟ್ಟೆಗಳಿದ್ದ ಆ ಚೀಲವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಬಡ ಬಾಣಂತಿಯರಿಗೆ ಕೊಡುತ್ತಿದ್ದರು. ಒಳ್ಳೆಯ ಚೀಲವೇ. ಆದರೆ ಅದನ್ನು ಹಿಡಿದು ಬಸ್ಸು ಹತ್ತಿದ ಹೆಂಗಸು ಯಾವ ಕಾರ್ಡಿನವಳೆಂದು ಬಸ್ಸಿಗೆಲ್ಲ ತಿಳಿಯುತ್ತಿತ್ತು.

ಇಷ್ಟಾದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊಡುವವರು ಇರಲಿಲ್ಲವೇ? ಧಾರವಾಡ ಜಿಲ್ಲೆಯ ನಮ್ಮೂರಿನಲ್ಲಿ ನಾನು ಮಲಗಿದ ತೊಟ್ಟಿಲು ನನ್ನದಾಗಿರಲಿಲ್ಲ. ಅದು ಕಲಘಟಗಿಯ ತೊಟ್ಟಿಲು: ಸಾಗುವಾನಿ ಕಟ್ಟಿಗೆಗೆ ಅರಗಿನ ಬಣ್ಣ ಏರಿಸಿ, ಸುತ್ತಲೂ ಕೃಷ್ಣನ ಬಾಲಲೀಲೆಗಳನ್ನು ಚಿತ್ರಗಾರ ಮನೆತನದವರು ಬರೆದದ್ದು. ಅಂಥ ತೊಟ್ಟಿಲನ್ನು ಮನೆಗೊಂದರಂತೆ ಯಾರೂ ಮಾಡಿಸುತ್ತಿರಲಿಲ್ಲ, ಮಾಡಿಸುವ ಶಕ್ತಿಯೂ ಇರುತ್ತಿರಲಿಲ್ಲ. ನಮ್ಮ ಮುತ್ತಜ್ಜ ಮಾಡಿಸಿದ ಒಂದೇ ತೊಟ್ಟಿಲು ಓಣಿಯ ಮನೆಮನೆಗೂ ಚಕ್ಕಡಿಯಲ್ಲಿ ಹೋಗಿ ಬರುತ್ತಿತ್ತು. ತಿರುಗಿ ಕಳಿಸುವಾಗ ಬರಿದಾಗಿ ಕಳಿಸಬಾರದೆಂದು ಒಂದು ಸೇರು ಜೋಳ, ಒಂದು ತೆಂಗಿನಕಾಯಿ ಇಟ್ಟು ಕಳಿಸುತ್ತಿದ್ದರು. ಕೂಸಿಗೆ ಮೊದಲು ತೊಡಿಸುವುದು ಹಳೆಯ ಬಟ್ಟೆಯನ್ನೇ, ಅದರಲ್ಲೂ ತುಂಬು ಬಾಳು ಬಾಳಿದವರ ಸೀರೆ ಧೋತರಗಳ ತುಂಡನ್ನು. ಎಷ್ಟೋ ಸಲ ಒಗೆದು ಮೆತ್ತಗಾದ ನೂಲಿಗಿಂತ ಹಿತವಾದದ್ದು ಆ ಚರ್ಮಕ್ಕೆ ಬೇರೆ ಇಲ್ಲ. ಆಯಿ, ಅಂದರೆ ನಮ್ಮ ಅಜ್ಜಿ, ಇದಕ್ಕೆ ಶಾಸ್ತ್ರವೆನ್ನುತ್ತಿದ್ದಳು. ನನ್ನ ಲೆಕ್ಕದ ಹಾಳೆಯಲ್ಲಿ ಇದಕ್ಕೆ ಉಳಿತಾಯ ಎಂದು ಹೆಸರು.

ಅದೇ ಊರಿನಲ್ಲಿ ನಾನು ಕಂಡ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆರೇಳು ವರ್ಷಗಳ ಹಿಂದೆ ದೊಡ್ಡವ್ವನ ಮಗಳ ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಹೋಗಿದ್ದೆ. ಮೊದಲ ಬಾಣಂತನ ತವರಿನ ಪಾಲಿಗೆ ಬರುವುದರಿಂದ ದೊಡ್ಡಪ್ಪ ಸಂಘದಲ್ಲಿ ಸಾಲ ತೆಗೆದಿದ್ದ. ಹೂವಿನ ಮಂಟಪಕ್ಕೆ, ಫೋಟೋದವರಿಗೆ, ಬೀಗರ ಸೀರೆಗಳಿಗೆ ಅದರ ಬಹುಪಾಲು ಹೋಗಿತ್ತು. ನನ್ನ ಅಕ್ಕ ತನ್ನ ಮಗನ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಒಂದು ಚೀಲದಲ್ಲಿ ತಂದಿದ್ದಳು. ಬೀಗರ ಹೆಂಗಸೊಬ್ಬಳು ಅದರ ಬಾಯಿ ತೆರೆದು ನೋಡಿ, "ನಮ್ಮ ಕೂಸಿಗೆ ಹಳೇವು ಯಾಕರೀ?" ಎಂದಳು. ಚೀಲ ಸಂಜೆಯವರೆಗೂ ಪಡಸಾಲೆಯಲ್ಲಿಯೇ ಇತ್ತು. ಹೊರಡುವಾಗ ಅಕ್ಕ ಅದನ್ನು ಸೆರಗಿನ ಮರೆಯಲ್ಲಿ ಹಿಡಿದು ತಿರುಗಿ ತಂದಳು. ನಾನು ಅವಳ ಪಕ್ಕದಲ್ಲಿಯೇ ಇದ್ದೆ, ಏನೂ ಅನ್ನಲಿಲ್ಲ. ಆ ಹಳೆಯ ತೊಟ್ಟಿಲೂ ಆಸ್ತಿ ಪಾಲಾದ ಮೇಲೆ ಕಾಕಾನ ಅಟ್ಟ ಸೇರಿದೆ. ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ. ಹೀಗಿರುವಾಗ ಬೇಸಿಗೆಯಲ್ಲಿ ಅದೇ ಅಕ್ಕ ಫೋನಿನಲ್ಲಿ, "ತಮ್ಮಾ, ಅಂಗಿ ಕಳಸ್ಲೇನು?" ಎಂದು ಕೇಳಿದಾಗ, "ಬ್ಯಾಡಕ್ಕ, ಇಲ್ಲಿ ಎಲ್ಲಾ ಸಿಗತೈತಿ" ಎಂದು ಹೇಳಿದ್ದವನೂ ನಾನೇ. ಕೆಳಗಿನ ಮನೆಯವರಿಗೆ ಇದನ್ನು ಹೇಗೆ ವಿವರಿಸುವುದು?

ಅವರು ವಿವರಣೆ ಕೇಳಲೂ ಇಲ್ಲ. ಒಂದು ಶನಿವಾರ ನನ್ನ ಹೆಂಡತಿಯನ್ನು ಕಿರ್ಪ್ಪುತೋರಿಗೆ, ಅಂದರೆ ಬಳಸಿದ ವಸ್ತುಗಳ ಸಂತೆಗೆ, ಕರೆದೊಯ್ದರು. ಅಲ್ಲಿ ಮಾರುವವರು ವಾರಕ್ಕಿಷ್ಟೆಂದು ಬಾಡಿಗೆ ಕೊಟ್ಟು ಒಂದು ಮೇಜು ಹಿಡಿದು, ಸಾಮಾನಿಗೆ ಬೆಲೆಯ ಚೀಟಿ ಅಂಟಿಸಿಟ್ಟು ಹೋಗಿರುತ್ತಾರೆ. ನನ್ನ ಕಚೇರಿಯ ಮೇಲಧಿಕಾರಿಯೂ ಅಲ್ಲಿ ಮಗಳಿಗೆ ಬೂಟು ಹುಡುಕುತ್ತಿದ್ದರಂತೆ. ತಳ್ಳುಗಾಡಿ 140 ಯೂರೋಗೆ ಸಿಕ್ಕಿತು, ಹಿಮದಲ್ಲಿ ಹೂತುಹೋಗದಂಥ ದೊಡ್ಡ ಗಾಲಿಗಳದು. ಅದನ್ನು ತಳ್ಳಿಕೊಂಡು ಹತ್ತಿದರೆ ಹೆಲ್ಸಿಂಕಿ ಸುತ್ತಲಿನ ಬಸ್ಸು ರೈಲುಗಳಲ್ಲಿ ಮಗುವಿನ ಜೊತೆಗಿರುವವರು ಟಿಕೆಟ್ ತೆಗೆಸಬೇಕಿಲ್ಲ ಎಂಬ ಇನ್ನೊಂದು ಉಳಿತಾಯವನ್ನೂ ಅವರೇ ಹೇಳಿಕೊಟ್ಟರು. ಕಾರಿನ ಆಸನವನ್ನು ಮಾತ್ರ ಕೊಳ್ಳಗೊಡಲಿಲ್ಲ. ಹಿಂದೆ ಅಪಘಾತ ಕಂಡಿದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯದಾದ್ದರಿಂದ ಅದೊಂದನ್ನು ಹೊಸದಾಗಿಯೇ ತರಬೇಕೆಂದರು. ಕೊನೆಗೆ ತಮ್ಮ ನೆಲಮಾಳಿಗೆಯ ಕಪಾಟಿನಿಂದ ಒಂದು ಹಿಮದ ಉಡುಪು ತಂದುಕೊಟ್ಟರು. ಅದರ ಕೊರಳಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು, ಮೂರನ್ನು ಹೊಡೆದುಹಾಕಿತ್ತು. ಶಿಶುವಿಹಾರದಲ್ಲಿ ಅದಲುಬದಲಾಗದಿರಲೆಂದು ಬರೆಯುವ ಹೆಸರುಗಳಂತೆ. ಐದನೆಯದಕ್ಕೆ ಜಾಗವಿತ್ತು.

ಅಂದು ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಅಂಗಿಗಳನ್ನು ಅವಳು ಯಾರಿಗೋ ಕೊಟ್ಟುಬಿಟ್ಟಿದ್ದಳು. ಆದರೆ ಅವ್ವ ಪಕ್ಕದಿಂದ ಫೋನು ಕಸಿದುಕೊಂಡು, "ಕೂಸು ಬರೂಕಿಂತ ಮೊದಲ ಇಷ್ಟೆಲ್ಲಾ ತರಬಾರದಪಾ. ಕೌದಿ ಒಂದು ಹೊಲದೇನಿ, ಅದಷ್ಟ ಸಾಕು" ಎಂದಳು. ಆಯಿಯ ಎರಡು ಇಳಕಲ್ ಸೀರೆ, ಅಪ್ಪನ ಧೋತರ, ಅಕ್ಕನ ಒಂದು ಲಂಗ ಸೇರಿಸಿ ಹೊಲಿದ ಆ ಕೌದಿಯನ್ನು ಹುಬ್ಬಳ್ಳಿಯಿಂದ ಬಂದ ಗೆಳೆಯನೊಬ್ಬ ಈಚೆಗೆ ತಂದು ಮುಟ್ಟಿಸಿದ.

ತಪಾಸಣೆಗೆ ಹೋಗುವ ನೆಉವೊಲಾದ, ಅಂದರೆ ತಾಯಿ-ಮಗುವಿನ ಆರೋಗ್ಯ ಕೇಂದ್ರದ, ದಾದಿಗೆ ಅದರ ಚಿತ್ರವನ್ನು ಹೆಮ್ಮೆಯಿಂದ ತೋರಿಸಿದೆವು. ಅವರು ಬಹಳ ಮೆಚ್ಚಿಕೊಂಡು, ಆಮೇಲೆ ಮೆಲ್ಲಗೆ, ಇಷ್ಟು ಭಾರದ ಹೊದಿಕೆಯನ್ನು ಮಲಗಿದ ಶಿಶುವಿನ ಮೇಲೆ ಹಾಕಬಾರದು, ವರ್ಷ ತುಂಬುವವರೆಗೆ ನೆಲಕ್ಕೆ ಹಾಸಿ ಆಡಿಸಿರಿ ಎಂದರು. ಹೆಂಡತಿ ಒಪ್ಪಿದಳು. ಆಯಿಯ ಸೀರೆಯನ್ನು ನೆಲಕ್ಕೆ ಹಾಸುವ ಈ ವಿಷಯವನ್ನು ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಭಾನುವಾರಗಳಿಂದ ಫೋನಿನಲ್ಲಿ ಅವ್ವನೊಡನೆ ಹಿಮ ಮತ್ತು ಮಳೆಯ ಬಗ್ಗೆಯೇ ಮಾತನಾಡುತ್ತಿದ್ದೇನೆ.